ನವಣೆ ಬಿಟ್ಟು ಬೇರೇನನ್ನೂ ಮುಟ್ಟದ ಬಡ್ಜಿಗಳಿಗೆ ಸೊಪ್ಪು ಮತ್ತು ಸ್ನಾನವನ್ನು ರೂಢಿ ಮಾಡಿಸುವುದು ಹೇಗೆ?

ಭಾಗ್ಯನಗರದ ಅಂಗಳ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಕಳೆದ ದಸರೆಯಿಂದ ನಮ್ಮ ಮನೆಯಲ್ಲಿ ಎರಡು ಬಡ್ಜಿಗಳಿವೆ, ಅಂದರೆ ಬಡ್ಜೆರಿಗಾರ್ ಎಂಬ ಪುಟ್ಟ ಗಿಳಿಗಳು. ಹಸಿರು ಬಣ್ಣದ್ದು ಗಂಡು, ತಿಳಿನೀಲಿ ಬಣ್ಣದ್ದು ಹೆಣ್ಣು. ಅಂಗಡಿಯವರು ಲವ್ ಬರ್ಡ್ಸ್ ಎಂದು ಹೇಳಿ ಕೊಟ್ಟಿದ್ದರು. ಇವು ಬಡ್ಜಿಗಳೆಂದು ನನಗೆ ತಿಳಿದದ್ದು ಇಲ್ಲಿನ ಹಳೆಯ ಚರ್ಚೆಗಳನ್ನು ಓದಿದ ಮೇಲೆಯೇ. ಅಂದಿನಿಂದ ಇಂದಿನವರೆಗೆ ಅವು ತಿಂದಿರುವುದು ನವಣೆ, ಸಜ್ಜೆ, ಸ್ವಲ್ಪ ಸೂರ್ಯಕಾಂತಿ ಬೀಜ ಬೆರೆತ ಕಾಳನ್ನು ಮಾತ್ರ. ಕೊತ್ತಂಬರಿ ಇಟ್ಟೆ, ಮೆಂತೆ ಇಟ್ಟೆ, ಗಜ್ಜರಿಯನ್ನು ತುರಿದು ಇಟ್ಟೆ, ಸವತಿಕಾಯಿಯನ್ನು ದುಂಡಗೆ ಹೆಚ್ಚಿ ಪಂಜರದ ಸರಳಿಗೆ ಸಿಕ್ಕಿಸಿದೆ. ಒಂದನ್ನೂ ಅವು ಮೂಸಿಯೂ ನೋಡಲಿಲ್ಲ. ಸವತಿಕಾಯಿ ಸಿಕ್ಕಿಸಿದ ದಿನವಂತೂ ಎರಡೂ ಎದುರಿನ ಮೂಲೆಗೆ ಹೋಗಿ ಒಂದಕ್ಕೊಂದು ಒತ್ತಿಕೊಂಡು ಕುಳಿತವು, ನಾನು ಅದನ್ನು ತೆಗೆಯುವವರೆಗೆ ಕಾಳು ತಿನ್ನಲೂ ಇಳಿಯಲಿಲ್ಲ.

ಸ್ನಾನದ ಕಥೆಯೂ ಹೀಗೆಯೇ ಇದೆ. ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ನೀರು ಇಟ್ಟರೆ ಅದರ ಅಂಚಿಗೂ ಬರುವುದಿಲ್ಲ. ಒಮ್ಮೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿದಾಗ ಪಂಜರದೊಳಗೆ ಗಾಬರಿಯಿಂದ ಬಡಿದಾಡಿ ಹೆಣ್ಣು ಹಕ್ಕಿಯ ಒಂದು ರೆಕ್ಕೆಗರಿ ಮುರಿಯಿತು. ಹಕ್ಕಿಗಳಿಗೆ ನೀರು ಸೋಕಿಸಿದರೆ ಶೀತ ಹಿಡಿದು ಸಾಯುತ್ತವೆ, ಸುಮ್ಮನಿರು ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಈಗ ಶಿವರಾತ್ರಿ ಕಳೆದಿದೆ, ಬಿಸಿಲು ಏರುತ್ತಿದೆ. ಇನ್ನೆರಡು ತಿಂಗಳಲ್ಲಿ ನಮ್ಮ ಕಡೆಯ ಬಿಸಿಲು ಹೇಗಿರುತ್ತದೆಂದು ನಿಮಗೆಲ್ಲ ಗೊತ್ತಿದೆ. ಒಣಕಾಳನ್ನು ಮಾತ್ರ ತಿಂದು, ಮೈ ನೆನೆಸಿಕೊಳ್ಳದೆ ಈ ಪುಟ್ಟ ಜೀವಗಳು ಆ ದಿನಗಳನ್ನು ಹೇಗೆ ಕಳೆಯುತ್ತವೆ ಎಂಬ ಚಿಂತೆಯಿಂದ ಕೇಳುತ್ತಿದ್ದೇನೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಬಳ್ಳಾರಿ ಗುಡ್ಡದ ಹಕ್ಕಿಮನೆ

ತಂಗೀ, ನಮಗೆ ಹಟವೆಂದು ಕಾಣುವುದು ಹಕ್ಕಿಯ ಲೆಕ್ಕದಲ್ಲಿ ಎಚ್ಚರ. ಮರಿಯಾಗಿದ್ದಾಗ ತಾಯಿ ತಂದೆ ಏನನ್ನು ತಿನ್ನುವುದನ್ನು ಕಂಡಿತೋ ಅದನ್ನು ಮಾತ್ರ ಬಡ್ಜಿ ಆಹಾರವೆಂದು ನಂಬುತ್ತದೆ. ನಮ್ಮ ಕಡೆ ಮಾರಾಟಕ್ಕೆ ಬರುವ ಮರಿಗಳು ಗೂಡಿನ ಗಡಿಗೆಯಿಂದ ಹೊರಬಂದ ದಿನದಿಂದ ಕಾಳಿನ ಡಬ್ಬಿಯನ್ನು ಬಿಟ್ಟು ಬೇರೇನನ್ನೂ ಕಂಡಿರುವುದಿಲ್ಲ. ಅವುಗಳ ಕಣ್ಣಿಗೆ ನಿಮ್ಮ ಸವತಿಕಾಯಿಯ ಬಿಲ್ಲೆ ಊಟದಂತೆ ಕಾಣಲಿಲ್ಲ. ಪಂಜರದೊಳಗೆ ಬಂದು ಕುಳಿತ ಯಾವುದೋ ಹೊಸ ಪ್ರಾಣಿಯಂತೆ ಕಂಡಿತು.

ಈ ಹಕ್ಕಿಯ ಮೂಲವನ್ನು ತಿಳಿದರೆ ಮುಂದಿನ ದಾರಿ ಸುಲಭವಾಗುತ್ತದೆ. ಬಡ್ಜಿ ಆಸ್ಟ್ರೇಲಿಯಾದ ಒಳನಾಡಿನ ಒಣ ಹುಲ್ಲುಗಾವಲಿನದು. ಮಳೆ ಬಿದ್ದ ಕಡೆಗೆ ಹಿಂಡುಗಟ್ಟಿ ಹಾರುತ್ತ, ನೆಲಕ್ಕೆ ಹತ್ತಿರವಾಗಿ ತೆನೆ ಕಟ್ಟಿದ ಹುಲ್ಲಿನ ಬೀಜಗಳನ್ನು ತಿಂದು ಬದುಕುತ್ತದೆ. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞರು ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ಒಯ್ದ ಮೇಲೆ ಅದು ಸಾಕುಹಕ್ಕಿಯಾಗಿ ಜಗತ್ತಿನೆಲ್ಲೆಡೆ ಹರಡಿತು. ಆಫ್ರಿಕಾ ಮೂಲದ ನಿಜವಾದ ಲವ್ ಬರ್ಡ್ ಬೇರೆಯೇ ಹಕ್ಕಿ. ಅದು ತುಂಬಿದ ಬಟ್ಟಲಿಗೆ ಹಾರಿ ಮುಳುಗೇಳುವ ವಿಡಿಯೋಗಳನ್ನು ನೋಡಿ ನಿಮ್ಮ ಬಡ್ಜಿಯಿಂದ ಅದನ್ನೇ ಬಯಸಬೇಡಿ. ಒಣನಾಡಿನ ಈ ಹಕ್ಕಿಗೆ ಕೆರೆ ಕಟ್ಟೆಗಳಿಗಿಂತ ಇಬ್ಬನಿ ಬಿದ್ದ ಹುಲ್ಲು ಹತ್ತಿರದ್ದು. ಬೆಳಗಿನ ಹೊತ್ತು ಒದ್ದೆಹುಲ್ಲಿನ ನಡುವೆ ನುಗ್ಗಿ, ಎಲೆಗೆ ಮೈಯುಜ್ಜಿ ಅದು ನೆನೆದುಕೊಳ್ಳುತ್ತದೆ. ಅದೇ ಹುಲ್ಲಿನಲ್ಲಿ ತಿನ್ನುತ್ತದೆ. ಊಟ ಮತ್ತು ಸ್ನಾನ ಎಂದು ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಬಡ್ಜಿಯ ಮಟ್ಟಿಗೆ ಅವೆರಡೂ ಒಂದೇ ಒದ್ದೆ ಸೊಪ್ಪಿನ ಕಟ್ಟಿನಲ್ಲಿವೆ. ಹನ್ನೊಂದು ವರ್ಷಗಳಿಂದ ಹಕ್ಕಿ ಸಾಕುತ್ತಿರುವ ನಾನು ಹೊಸಬರಿಗೆ ಕೊಡುವ ಮೊದಲ ಸಲಹೆಯೂ ಆ ಕಟ್ಟೇ.

ಹೀಗೆ ಮಾಡಿ. ಕೊತ್ತಂಬರಿಯನ್ನು ಬೇರು ಕತ್ತರಿಸಿ, ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆದು, ನೀರು ಪೂರ್ತಿ ಕೊಡವದೆ ಹಾಗೆಯೇ ಹೆಬ್ಬೆರಳಿನಷ್ಟು ದಪ್ಪದ ಕಟ್ಟು ಮಾಡಿ. ಅದರ ನಡುವೆ ಒಂದು ನವಣೆ ತೆನೆಯನ್ನು ಸಿಕ್ಕಿಸಿ, ತೆನೆಯ ತುದಿ ನಾಲ್ಕು ಬೆರಳು ಹೊರಗೆ ಕಾಣುವಂತಿರಲಿ. ದೊಡ್ಡ ಊರುಗಳ ಹಕ್ಕಿ ಅಂಗಡಿಗಳಲ್ಲಿ ಪ್ಯಾಕೆಟ್ ಕಟ್ಟಿ ದುಬಾರಿ ಬೆಲೆಗೆ ಮಾರುವ ಮಿಲೆಟ್ ಸ್ಪ್ರೇ ಎಂಬುದು ಇದೇ ನವಣೆ ತೆನೆ. ನಮ್ಮ ಕಡೆ ನವಣೆ ಬೆಳೆಯುವ ರೈತರನ್ನು ಕೇಳಿದರೆ ಸುಗ್ಗಿಯಲ್ಲಿ ಒಂದು ಹಿಡಿ ತೆನೆ ಸಂತೋಷದಿಂದ ಕೊಡುತ್ತಾರೆ. ಕಟ್ಟನ್ನು ಅವು ರಾತ್ರಿ ಮಲಗುವ ಕೋಲಿನಿಂದ ದೂರದಲ್ಲಿ, ಕಾಳಿನ ಡಬ್ಬಿಯ ಪಕ್ಕದಲ್ಲಿ, ಪಂಜರದ ಹೊರಮೈಗೆ ಕಟ್ಟಿ. ಮೊದಲ ಮೂರು ನಾಲ್ಕು ದಿನ ಒಳಗೆ ಇಡುವುದೇ ಬೇಡ. ಅದು ಕಚ್ಚುವುದಿಲ್ಲ, ಬೆನ್ನಟ್ಟುವುದಿಲ್ಲ ಎಂಬುದನ್ನು ಹಕ್ಕಿಯೇ ನೋಡಿ ತಿಳಿದುಕೊಳ್ಳಲಿ. ಹಿಂದಿನ ಮೂಲೆಗೆ ಓಡುವುದನ್ನು ನಿಲ್ಲಿಸಿದ ದಿನ ಅದೇ ಜಾಗದಲ್ಲಿ ಕಟ್ಟನ್ನು ಒಳಗೆ ಕಟ್ಟಿ. ತೆನೆ ತಿನ್ನಲು ಬಂದ ಹಕ್ಕಿಯ ಕೊಕ್ಕಿಗೆ ಎಲೆ ತಗುಲುತ್ತದೆ, ನೀರಹನಿ ತಗುಲುತ್ತದೆ. ಅಲ್ಲಿಂದ ಮುಂದೆ ದಿನಕ್ಕಿಷ್ಟರಂತೆ ತೆನೆಯನ್ನು ಸೊಪ್ಪಿನೊಳಕ್ಕೆ ಇಳಿಸುತ್ತ ಹೋಗಿ, ಹಕ್ಕಿ ಎಲೆಗಳನ್ನು ಸರಿಸಿ ಹುಡುಕಬೇಕಾಗುವಂತೆ.

ಹೊತ್ತು ಬಹಳ ಮುಖ್ಯ. ರಾತ್ರಿಯೆಲ್ಲ ಖಾಲಿಯಿದ್ದ ಹೊಟ್ಟೆಗೆ ಬೆಳಗಿನ ಮೊದಲ ಗಂಟೆಯಲ್ಲಿ ಇರುವ ಕುತೂಹಲ ಮಧ್ಯಾಹ್ನಕ್ಕೆ ಇರುವುದಿಲ್ಲ. ಪಂಜರದ ಬಟ್ಟೆ ತೆಗೆದ ಕೂಡಲೇ ಕಟ್ಟನ್ನು ಇಡಿ. ನೀವೂ ಎದುರಿಗೆ ಕುಳಿತು ಒಂದೆರಡು ಎಲೆ ಬಾಯಿಗೆ ಹಾಕಿಕೊಂಡು, ಚಪ್ಪರಿಸುವ ಸದ್ದು ಅವಕ್ಕೆ ಕೇಳುವಂತೆ ತಿನ್ನಿ. ಇವು ಹಿಂಡಿನ ಹಕ್ಕಿಗಳು. ಒಂದು ತಿನ್ನುವುದನ್ನು ಕಂಡು ಇನ್ನೊಂದು ತಿನ್ನುತ್ತದೆ. ನಿಮ್ಮ ಮನೆಯಲ್ಲಿ ಆ ಹಿಂಡಿನ ಹಿರಿಯ ಹಕ್ಕಿ ನೀವೇ.

ಶಕ್ತಿನಗರದ ಕ್ವಾರ್ಟರ್ಸ್, ರಾಯಚೂರು

ಮೇಲಿನ ಸರ್ ಹೇಳಿದ್ದೆಲ್ಲ ಸರಿಯಾಗಿದೆ. ಆದರೆ ಅಕ್ಕನವರು ಒಂದು ತಪ್ಪನ್ನು ಮಾಡದಿರಲಿ ಎಂದು ನನ್ನ ಅನುಭವವನ್ನು ಬರೆಯುತ್ತೇನೆ. ಮೂರು ವರ್ಷಗಳ ಹಿಂದೆ ಒಬ್ಬರು ನನಗೆ, ಕಾಳನ್ನು ಎರಡು ದಿನ ಪೂರ್ತಿ ತೆಗೆದುಬಿಡಿ, ಹಸಿದರೆ ತಾವಾಗಿಯೇ ಸೊಪ್ಪು ತಿನ್ನುತ್ತವೆ ಎಂದಿದ್ದರು. ನಮ್ಮ ಮಕ್ಕಳಿಗೆ ಹಾಗೆ ಮಾಡಿದರೆ ಸಂಜೆಯೊಳಗೆ ಏನಾದರೂ ತಿಂದಾರು. ಹಕ್ಕಿ ತಿನ್ನಲಿಲ್ಲ. ತಟ್ಟೆ ತುಂಬ ಪಾಲಕ್ ಮತ್ತು ಗಜ್ಜರಿ ಇತ್ತು, ನಮ್ಮ ಹಳದಿ ಬಡ್ಜಿ ಅದರ ಪಕ್ಕದಲ್ಲಿಯೇ ಕುಳಿತಿತ್ತು. ಎರಡನೆಯ ದಿನ ಮಧ್ಯಾಹ್ನ ಮೈಗರಿ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ಕೋಲಿನಿಂದ ಕೆಳಗಿಳಿದು ಪಂಜರದ ನೆಲದಲ್ಲಿ ಕುಳಿತಿತು. ನಾನು ಹೌಹಾರಿ ಕಾಳು ಇಟ್ಟೆ. ಅಷ್ಟರಲ್ಲಿ ಅದಕ್ಕೆ ಕಾಳು ಸುಲಿಯುವ ಶಕ್ತಿಯೂ ಉಳಿದಿರಲಿಲ್ಲ. ಆ ರಾತ್ರಿ ಅದು ಹೋಯಿತು. ನನ್ನ ಮಗಳು ಅಂಗಳದ ಬೇವಿನ ಗಿಡದ ಬುಡದಲ್ಲಿ ಅದನ್ನು ಮಣ್ಣು ಮಾಡಿದ ಜಾಗದಲ್ಲಿ ಈಗಲೂ ಒಂದು ಬಿಳಿ ಕಲ್ಲಿದೆ.

ಆದ್ದರಿಂದ ಅಕ್ಕಾ, ಯಾರೇ ಹೇಳಲಿ, ಹಸಿವಿನಿಂದ ಪಾಠ ಕಲಿಸಲು ಹೋಗಬೇಡಿ. ಕಣ್ಣೆದುರಿಗೆ ಇರುವುದು ಆಹಾರವೆಂದು ತಿಳಿಯದ ಹಕ್ಕಿಗೆ ತುಂಬಿದ ತಟ್ಟೆಯೂ ಖಾಲಿ ತಟ್ಟೆಯೇ.

ಭಾಗ್ಯನಗರದ ಅಂಗಳ, ಕೊಪ್ಪಳ

ಶಕ್ತಿನಗರದ ಅಣ್ಣನವರ ಬರಹ ಓದಿ ಮನಸ್ಸು ಭಾರವಾಯಿತು. ಇಷ್ಟು ಬಿಚ್ಚುಮನಸ್ಸಿನಿಂದ ಹೇಳಿದ್ದಕ್ಕೆ ಋಣಿಯಾಗಿದ್ದೇನೆ. ನಿಜ ಹೇಳಬೇಕೆಂದರೆ ನಾನೂ ನಾಳೆಯಿಂದ ಅದನ್ನೇ ಮಾಡಬೇಕೆಂದಿದ್ದೆ.

ಇನ್ನೂ ಕೆಲವು ಅನುಮಾನಗಳಿವೆ. ನಮ್ಮ ಸಂತೆಯಲ್ಲಿ ಸಿಗುವ ತಪ್ಪಲು ಪಲ್ಯಗಳಲ್ಲಿ ಯಾವುದನ್ನು ಕೊಡಬಹುದು, ಯಾವುದನ್ನು ಕೊಡಬಾರದು? ಪುಂಡಿಪಲ್ಯ ಮನೆಯಲ್ಲಿ ಯಾವಾಗಲೂ ಇರುತ್ತದೆ, ಅದು ನಡೆಯುತ್ತದೆಯೇ? ಎಣ್ಣೆ (ಕೀಟನಾಶಕ) ಹೊಡೆದ ತರಕಾರಿ ಎಂಬ ಭಯಕ್ಕೆ ಏನು ಮಾಡಬೇಕು? ಸೊಪ್ಪು ತಿಂದ ಹಕ್ಕಿಗೆ ಭೇದಿಯಾಗುತ್ತದೆ ಎನ್ನುತ್ತಾರೆ, ಅದು ನಿಜವೇ?

ಸಿಂಧನೂರು ಪಶುವೈದ್ಯ

ನಾನು ದಿನನಿತ್ಯ ನೋಡುವುದು ಎಮ್ಮೆ, ಎತ್ತು, ಕುರಿಗಳನ್ನು. ಮನೆಯಲ್ಲಿ ಆರು ಬಡ್ಜಿಗಳಿರುವುದರಿಂದ ಈ ವಿಷಯವನ್ನು ಪ್ರತ್ಯೇಕವಾಗಿ ಓದಿಕೊಂಡಿದ್ದೇನೆ.

ಸೊಪ್ಪು ಏಕೆ ಬೇಕು ಎಂಬುದನ್ನು ಮೊದಲು ಹೇಳುತ್ತೇನೆ. ಒಣಕಾಳಿನಲ್ಲಿ ಕೊಬ್ಬು ಮತ್ತು ಪಿಷ್ಟ ಧಾರಾಳವಾಗಿವೆ, ವಿಟಮಿನ್ ಎ, ಕ್ಯಾಲ್ಸಿಯಂ ಮತ್ತು ಅಯೋಡಿನ್ ತೀರ ಕಡಿಮೆ. ವಿಟಮಿನ್ ಎ ಕೊರತೆಯಾದಾಗ ಬಾಯಿ, ಮೂಗು ಮತ್ತು ಉಸಿರಿನ ದಾರಿಯ ಒಳಪದರ ದುರ್ಬಲವಾಗಿ ಸೋಂಕು ಸುಲಭವಾಗಿ ಹತ್ತುತ್ತದೆ. ಅಯೋಡಿನ್ ಕೊರತೆಯಿಂದ ಥೈರಾಯ್ಡ್ ಗ್ರಂಥಿ ಊದಿಕೊಂಡು ಶ್ವಾಸನಾಳವನ್ನು ಒತ್ತುವುದರಿಂದ ಉಸಿರಾಟದಲ್ಲಿ ಸಿಳ್ಳಿನಂತಹ ಸದ್ದು ಬರುತ್ತದೆ. ಇದನ್ನು ಶೀತವೆಂದು ತಿಳಿದು ಮನೆಮದ್ದು ಮಾಡುತ್ತ ಕೂರುವವರನ್ನು ಕಂಡಿದ್ದೇನೆ. ಸೂರ್ಯಕಾಂತಿ ಬೀಜ ಹೆಚ್ಚಾದರೆ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ. ಅದನ್ನು ದಿನದ ಕಾಳಿನಿಂದ ತೆಗೆದು, ಹಕ್ಕಿ ಕೈಗೆ ಬಂದಾಗ ಕೊಡುವ ಬಹುಮಾನವಾಗಿ ಮಾತ್ರ ಇಟ್ಟುಕೊಳ್ಳಿ. ಕಟಲ್ ಬೋನ್ (ಕ್ಯಾಲ್ಸಿಯಂಗಾಗಿ ಹಕ್ಕಿ ಕಡಿಯುವ, ಕಟಲ್ ಫಿಶ್ ಎಂಬ ಸಮುದ್ರಜೀವಿಯ ಬಿಳಿ ಒಳಚಿಪ್ಪು) ಪಂಜರದಲ್ಲಿ ಸದಾ ಇರಲಿ.

ನಮ್ಮ ಸೀಮೆಯಲ್ಲಿ ಸಿಗುವುದರಲ್ಲಿ ನನ್ನ ಮೊದಲ ಆಯ್ಕೆ ನುಗ್ಗೆ ಸೊಪ್ಪು. ವಿಟಮಿನ್ ಎ ಅಂಶ ಸಮೃದ್ಧವಾಗಿದೆ, ಹಿತ್ತಿಲ ಗಿಡದ್ದಾದರೆ ಎಣ್ಣೆ ಹೊಡೆದಿರುವ ಭಯವಿಲ್ಲ, ಎಲೆಗಳು ಸಣ್ಣಗಿರುವುದರಿಂದ ಹಕ್ಕಿ ಅಂಜುವುದೂ ಕಡಿಮೆ. ಕೊತ್ತಂಬರಿ, ಮೆಂತೆ, ತುರಿದ ಗಜ್ಜರಿ, ಕೆಂಪು ದಪ್ಪ ಮೆಣಸಿನಕಾಯಿ, ಬೇಯಿಸಿದ ಸಿಹಿಗುಂಬಳ ಒಳ್ಳೆಯವು. ಪುಂಡಿಪಲ್ಯ, ಪಾಲಕ್, ರಾಜಗಿರಿಗಳಲ್ಲಿ ಆಕ್ಸಲಿಕ್ ಆಮ್ಲ ಹೆಚ್ಚಿರುವುದರಿಂದ ಅವು ಕ್ಯಾಲ್ಸಿಯಂ ಮೈಗೆ ಹತ್ತದಂತೆ ಮಾಡುತ್ತವೆ. ವಾರಕ್ಕೊಮ್ಮೆ ಒಂದೆರಡು ಎಲೆಗಿಂತ ಹೆಚ್ಚು ಬೇಡ, ಮೊಟ್ಟೆಯಿಡುವ ಹೆಣ್ಣಿಗೆ ಅದೂ ಬೇಡ. ಸವತಿಕಾಯಿಯಲ್ಲಿ ಇರುವುದು ಬಹುಪಾಲು ನೀರು, ಬೇಸಿಗೆಗೆ ಹಿತ, ಪೋಷಣೆಗೆ ಅದನ್ನು ನಂಬಬಾರದು. ಹಣ್ಣು ಬೆರಳ ತುದಿಯಷ್ಟು ಸಾಕು. ಬಟರ್ ಫ್ರೂಟ್ ಎಂದು ಕರೆಯುವ ಬೆಣ್ಣೆಹಣ್ಣು ಬಡ್ಜಿಗೆ ವಿಷ, ಸ್ವಲ್ಪವೂ ಕೊಡಬಾರದು. ಚಾಕೊಲೇಟ್, ಕಾಫಿ, ಚಹಾ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಉಪ್ಪು ಹಾಕಿದ ಅಡುಗೆ, ಸೇಬಿನ ಬೀಜ ಇವನ್ನೂ ದೂರವಿಡಿ.

ನಮ್ಮ ಕಡೆ ಮೆಣಸಿನಕಾಯಿ ಬೆಳೆಯುವವರು ಕೇಳಿದರೆ ಆಶ್ಚರ್ಯಪಡಬಹುದು: ಖಾರ ಹಕ್ಕಿಗಳಿಗೆ ತಾಗುವುದೇ ಇಲ್ಲ. ಖಾರವನ್ನು ಉರಿಯೆಂದು ನಮ್ಮ ನರಗಳು ಗುರುತಿಸುವ ವ್ಯವಸ್ಥೆ ಹಕ್ಕಿಗಳಲ್ಲಿ ಆ ರಾಸಾಯನಿಕಕ್ಕೆ ಸ್ಪಂದಿಸುವುದಿಲ್ಲ. ನನ್ನ ಹಕ್ಕಿಗಳು ಸೀಳಿದ ಹಸಿಮೆಣಸಿನಕಾಯಿಯ ಬೀಜವನ್ನು ಎಲ್ಲಕ್ಕಿಂತ ಮೊದಲು ಮುಗಿಸುತ್ತವೆ. ಏನನ್ನೂ ಮುಟ್ಟದ ಹಕ್ಕಿಗೆ ಇದನ್ನೊಮ್ಮೆ ತೋರಿಸಿ ನೋಡಿ. ಬೀಜದ ಆಕಾರ ಅವಕ್ಕೆ ಪರಿಚಿತವಾದದ್ದು. ಮೆಣಸಿನಕಾಯಿಗೆ ಎಣ್ಣೆ ಹೊಡೆಯುವುದು ಹೆಚ್ಚು, ಆದ್ದರಿಂದ ಮನೆಯ ಕುಂಡದಲ್ಲಿ ಬೆಳೆದದ್ದೇ ಉತ್ತಮ. ಕೊತ್ತಂಬರಿ, ಮೆಂತೆಗಳನ್ನು ಹಳೆಯ ಬುಟ್ಟಿಯಲ್ಲಿ ಬಿತ್ತಿಕೊಂಡರೆ ಮೂರು ನಾಲ್ಕು ವಾರಕ್ಕೆ ಕೈಗೆ ಬರುತ್ತವೆ. ಸಂತೆಯದನ್ನು ಹರಿಯುವ ನೀರಿನಲ್ಲಿ ಎಲೆಯೆಲೆಯಾಗಿ ತೊಳೆಯಬೇಕು.

ಭೇದಿಯ ವಿಷಯ. ಸೊಪ್ಪು ತಿಂದ ದಿನ ಹಿಕ್ಕೆಯ ಸುತ್ತ ನೀರಿನಂಶ ಹೆಚ್ಚುವುದು ಸಹಜ. ನಡುವಿನ ಹಸಿರು ಭಾಗ ಗಟ್ಟಿಯಾಗಿ ಸುರುಳಿಯಾಕಾರದಲ್ಲಿ ಇದ್ದು, ಸುತ್ತ ಮಾತ್ರ ನೀರಿದ್ದರೆ ಅದು ತಿಂದ ಸೊಪ್ಪಿನ ನೀರು, ಸಂತೋಷಪಡಿ. ಹಸಿರು ಭಾಗವೇ ಕದಡಿಹೋಗಿದ್ದರೆ, ಬಾಲದ ಕೆಳಗಿನ ಗರಿಗಳು ಅಂಟಿಕೊಂಡಿದ್ದರೆ, ಹಕ್ಕಿ ಮಂಕಾಗಿದ್ದರೆ ಅದು ರೋಗ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೆರಡು ಸಲ, ಬೆಳಿಗ್ಗೆ ತಿನ್ನುವ ಮೊದಲು ತೂಕ ಮಾಡಿ ಬರೆದಿಡಿ. ನಮ್ಮಲ್ಲಿ ಸಿಗುವ ಸಾಮಾನ್ಯ ಬಡ್ಜಿ 30ರಿಂದ 40 ಗ್ರಾಂ ತೂಗುತ್ತದೆ. 35 ಗ್ರಾಂ ಇದ್ದ ಹಕ್ಕಿ 32ಕ್ಕಿಂತ ಕೆಳಗಿಳಿದರೆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ ಹಳೆಯ ಕಾಳನ್ನು ಹೊಟ್ಟೆತುಂಬ ಕೊಡಿ.

ಗಂಗಾವತಿ ಗದ್ದೆಬದಿ

ನವಣೆಯ ಮೊಳಕೆಯನ್ನು ಯಾರೂ ಹೇಳಲಿಲ್ಲ. ನನ್ನ ನಾಲ್ಕು ಹಕ್ಕಿಗಳು ಸೊಪ್ಪಿಗೆ ಬಂದದ್ದು ಅದರ ಮೂಲಕವೇ. ನವಣೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ತೊಳೆದು ಬಟ್ಟೆಯಲ್ಲಿ ಕಟ್ಟಿ, ದಿನಕ್ಕೆ ಮೂರು ನಾಲ್ಕು ಸಲ ನೀರಿನಲ್ಲಿ ಜಾಲಿಸಿದರೆ ಸಾಸಿವೆಯಷ್ಟು ಬಿಳಿಯ ಮೂತಿ ಒಡೆಯುತ್ತದೆ. ಹಕ್ಕಿಗೆ ಅದು ಗೊತ್ತಿರುವ ಕಾಳೇ, ಮೆತ್ತಗಾಗಿದೆ ಅಷ್ಟೇ. ಅದಕ್ಕೆ ಸಣ್ಣಗೆ ಹೆಚ್ಚಿದ ನುಗ್ಗೆ ಸೊಪ್ಪನ್ನು ಅಂಟುವಷ್ಟು ಬೆರೆಸಿದೆ. ಕಾಳಿನ ಜೊತೆ ಸೊಪ್ಪೂ ಹೊಟ್ಟೆಗೆ ಹೋಯಿತು. ಹುಳಿವಾಸನೆ ಬಂದರೆ ಚೆಲ್ಲಿಬಿಡಿ. ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪಂಜರದಲ್ಲಿ ಬಿಡಬೇಡಿ.

ಸಿಂಧನೂರು ಪಶುವೈದ್ಯ

ಒಳ್ಳೆಯ ಸಲಹೆ. ಒಂದು ಎಚ್ಚರಿಕೆ ಸೇರಿಸುತ್ತೇನೆ: ಜೋಳವನ್ನು ಮಾತ್ರ ಮೊಳಕೆ ಕಟ್ಟಿ ಕೊಡಬೇಡಿ. ಜೋಳದ ಎಳೆ ಮೊಳಕೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುತ್ತದೆ. ಎಳೆಯ ಜೋಳದ ಪೈರು ಮೇಯ್ದ ದನಗಳಿಗೆ ಹೊಟ್ಟೆಯುಬ್ಬರ, ಉಸಿರುಕಟ್ಟುವಿಕೆ ಬರುವುದನ್ನು ನಮ್ಮ ರೈತರೆಲ್ಲ ಬಲ್ಲರು. ನವಣೆ ಮತ್ತು ಹೆಸರುಕಾಳಿನ ಮೊಳಕೆಗೆ ಆ ಭಯವಿಲ್ಲ.

ಬಳ್ಳಾರಿ ಗುಡ್ಡದ ಹಕ್ಕಿಮನೆ

ಈಗ ಸ್ನಾನಕ್ಕೆ ಬರೋಣ. ನಿಮ್ಮ ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ ತಂಗೀ. ಸಂಜೆ ಹೊತ್ತು ತೊಯ್ದು, ಒದ್ದೆಯಾಗಿಯೇ ರಾತ್ರಿ ಕಳೆದ ಹಕ್ಕಿ, ಫ್ಯಾನಿನ ಗಾಳಿಗೆ ಒದ್ದೆ ಮೈಯೊಡ್ಡಿದ ಹಕ್ಕಿ, ಮೊದಲೇ ಅಸ್ವಸ್ಥವಾಗಿದ್ದ ಹಕ್ಕಿ ನಿಜವಾಗಿಯೂ ತೊಂದರೆಗೆ ಸಿಲುಕುತ್ತವೆ. ಅವರು ಎಲ್ಲಿಯೋ ಅದನ್ನು ಕಂಡಿರಬೇಕು. ಆರೋಗ್ಯವಂತ ಹಕ್ಕಿ ಬೆಳಿಗ್ಗೆ ತಾನಾಗಿಯೇ ನೆನೆದು ಮಧ್ಯಾಹ್ನದೊಳಗೆ ಒಣಗಿದರೆ ಯಾವ ಅಪಾಯವೂ ಇಲ್ಲ. ಸ್ನಾನದ ನಂತರ ಅದು ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಗರಿಗರಿಗೂ ಸವರಿಕೊಳ್ಳುವುದನ್ನು ಅವರಿಗೆ ತೋರಿಸಿ. ಗರಿ ಉದುರುವ ಕಾಲದಲ್ಲಿ ಹೊಸ ಗರಿಯ ಮೇಲಿನ ಒಣ ಪೊರೆ ಸಡಿಲವಾಗಲು, ತುರಿಕೆ ಕಡಿಮೆಯಾಗಲು ನೀರು ಬೇಕೇ ಬೇಕು.

ನಿಮ್ಮ ಸ್ಟೀಲ್ ಬಟ್ಟಲು ಎರಡು ಕಾರಣಕ್ಕೆ ಸೋತಿತು. ಅದು ಆಳವಾಗಿದೆ, ನುಣುಪಾಗಿದೆ. ಹಕ್ಕಿಯ ಕಾಲು ಜಾರುವ ಜಾಗಕ್ಕೆ ಅದು ಇಳಿಯುವುದಿಲ್ಲ; ಜೊತೆಗೆ ಹೊಳೆಯುವ ತಳದಲ್ಲಿ ಇನ್ನೊಂದು ಹಕ್ಕಿಯ ನೆರಳು ಕಂಡು ಬೆದರಲೂಬಹುದು. ಹೂಕುಂಡದ ಕೆಳಗೆ ಇಡುವ ಮಣ್ಣಿನ ತಟ್ಟೆಯನ್ನು ಕುಂಬಾರರಲ್ಲಿ ಕೇಳಿ ತನ್ನಿ. ಬಣ್ಣ ಹಚ್ಚಿರಬಾರದು. ಅದರಲ್ಲಿ ಬೆರಳಿನ ಮೊದಲ ಗೆಣ್ಣಿನ ಅರ್ಧದಷ್ಟು, ಅಂದರೆ ಒಂದರಿಂದ ಒಂದೂವರೆ ಸೆಂಟಿಮೀಟರ್ ನೀರು ಹಾಕಿ, ತೊಳೆದ ಸೊಪ್ಪನ್ನು ತಟ್ಟೆ ಮುಚ್ಚುವಂತೆ ಹರಡಿ. ಹಕ್ಕಿಗೆ ಅಲ್ಲಿ ನೀರು ಕಾಣುವುದಿಲ್ಲ, ಹುಲ್ಲು ಕಾಣುತ್ತದೆ. ಮೊದಲ ದಿನ ಅಂಚಿನಲ್ಲಿ ನಿಂತು ಒಂದು ಎಲೆ ಎಳೆಯುತ್ತದೆ. ಇನ್ನೊಂದು ದಿನ ಒಂದು ಕಾಲನ್ನು ಎಲೆಯ ಮೇಲಿಟ್ಟು, ತಣ್ಣಗಾದೊಡನೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮತ್ತೊಂದು ದಿನ ಎದೆಯನ್ನು ಎಲೆಗೆ ಒತ್ತಿ, ತಲೆಯನ್ನು ಓರೆಮಾಡಿ ಕೆನ್ನೆಯನ್ನು ಉಜ್ಜುತ್ತದೆ. ಆಗ ನೀವು ಉಸಿರು ಬಿಗಿಹಿಡಿದು ಕುಳಿತಿರಬೇಕು, ಕೈ ಚಾಚಬಾರದು, ಫೋನ್ ಹಿಡಿದು ಹತ್ತಿರ ಹೋಗಬಾರದು.

ಬೀಳುವ ನೀರಿನ ಸದ್ದು ಕೂಡ ಆಸೆ ಹುಟ್ಟಿಸುತ್ತದೆ. ನಮ್ಮ ಮನೆಯಲ್ಲಿ ನಲ್ಲಿ ಬಂದು ಹಂಡೆಗೆ ನೀರು ಬೀಳತೊಡಗಿದ ಕೂಡಲೇ ಎಲ್ಲ ಹಕ್ಕಿಗಳೂ ಒಟ್ಟಿಗೆ ಕೂಗಿ, ರೆಕ್ಕೆ ಅರ್ಧ ತೆರೆದು ಅಲುಗಾಡುತ್ತವೆ. ತಟ್ಟೆ ಇಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ನೀವು ಕುಡಿಯುವ ನೀರನ್ನೇ ತಟ್ಟೆಗೂ ಬಳಸಿ, ಏಕೆಂದರೆ ಅವು ಮೀಯುತ್ತ ಅದನ್ನೇ ಕುಡಿಯುತ್ತವೆ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಇದೆ, ಗಡಸುತನವೂ ಇದೆ. ಸೋಪು, ಶಾಂಪೂ, ಡೆಟಾಲ್, ಅರಿಶಿನ ಯಾವುದನ್ನೂ ನೀರಿಗೆ ಸೇರಿಸಬೇಡಿ.

ಹೊಸಪೇಟೆ ದಾರಿ

ಇಷ್ಟೆಲ್ಲ ಕಾಯುವುದೇಕೆ? ಕೈಯಲ್ಲಿ ಮೆಲ್ಲಗೆ ಹಿಡಿದು ನಲ್ಲಿಯ ಕೆಳಗೆ ಎರಡು ಸಲ ಒಡ್ಡಿದರೆ ಮೂರನೆಯ ಸಲಕ್ಕೆ ರೂಢಿಯಾಗುತ್ತದೆ. ನಮ್ಮ ಹಕ್ಕಿಗಳಿಗೆ ನಾವು ಹಾಗೆಯೇ ಮಾಡಿಸುತ್ತೇವೆ, ಈಗ ಸುಮ್ಮನೆ ಕುಳಿತು ಸ್ನಾನ ಮಾಡಿಸಿಕೊಳ್ಳುತ್ತವೆ.

ಸಿಂಧನೂರು ಪಶುವೈದ್ಯ

ಸಹೋದರರೇ, ದಯವಿಟ್ಟು ಹಾಗೆ ಮಾಡಬೇಡಿ. ಹಿಡಿದಾಗ ಸುಮ್ಮನಾಗುವ ಹಕ್ಕಿ ಒಪ್ಪಿಕೊಂಡ ಹಕ್ಕಿಯಲ್ಲ; ಬೇಟೆಗೆ ಸಿಕ್ಕ ಪ್ರಾಣಿ ಕೊನೆಯಲ್ಲಿ ಹೀಗೆಯೇ ಸ್ತಬ್ಧವಾಗುತ್ತದೆ. ಹಕ್ಕಿಗೆ ನಮ್ಮಂತೆ ವಪೆ (ಎದೆ ಮತ್ತು ಹೊಟ್ಟೆಯ ನಡುವೆ ಇದ್ದು ಉಸಿರಾಡಿಸುವ ಸ್ನಾಯು) ಇಲ್ಲ. ಅದು ಉಸಿರಾಡುವುದು ಎದೆಮೂಳೆಯನ್ನು ಮುಂದೆ ಹಿಂದೆ ಆಡಿಸಿ. ಮುಷ್ಟಿಯ ಒತ್ತಡಕ್ಕೆ ಎದೆ ಅಲುಗಾಡದಿದ್ದರೆ ಮೂಗು ಬಾಯಿ ತೆರೆದಿದ್ದರೂ ಉಸಿರು ಕಟ್ಟುತ್ತದೆ. ಅದರ ಮೇಲೆ ಮೂಗಿಗೆ ನೀರು ನುಗ್ಗಿದರೆ ಶ್ವಾಸಕೋಶದ ಸೋಂಕಾಗಬಹುದು.

ಸ್ಪ್ರೇ ಬಾಟಲಿಯಲ್ಲಿ ತಪ್ಪೇನೂ ಇಲ್ಲ, ಹಕ್ಕಿಯ ಮುಖಕ್ಕೆ ನೇರವಾಗಿ ಹೊಡೆಯುವುದು ತಪ್ಪು. ಪಂಜರದಿಂದ ಎರಡಡಿ ದೂರ ನಿಂತು ಮೇಲಕ್ಕೆ ಮಂಜಿನಂತೆ ಸಿಂಪಡಿಸಿದರೆ ಹನಿಗಳು ಮಳೆಯಂತೆ ತಾವಾಗಿ ಇಳಿಯುತ್ತವೆ. ಹಕ್ಕಿ ರೆಕ್ಕೆ ಅಗಲಿಸಿ, ಗರಿಯುಬ್ಬಿಸಿ ನಿಂತರೆ ಮುಂದುವರಿಸಿ. ದೂರ ಸರಿದರೆ ಆ ದಿನಕ್ಕೆ ಬಿಟ್ಟುಬಿಡಿ. ಗಿಡಗಳಿಗೆ ಔಷಧಿ ಹೊಡೆದ ಬಾಟಲಿಯನ್ನು ಎಷ್ಟು ತೊಳೆದಿದ್ದರೂ ಇದಕ್ಕೆ ಬಳಸಬಾರದು. ಹೇರ್ ಡ್ರೈಯರ್‌ನಿಂದ ಒಣಗಿಸಲೂ ಬಾರದು. ಕೆಲವು ಡ್ರೈಯರ್‌ಗಳ ಒಳಗೂ, ನಾನ್‌ಸ್ಟಿಕ್ ಬಾಣಲೆಯ ಮೇಲೂ ಇರುವ ಲೇಪನ ಅತಿಯಾಗಿ ಕಾದಾಗ ಬರುವ ಹೊಗೆ ಬಡ್ಜಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ.

ಹೊಸಪೇಟೆ ದಾರಿ

ವಪೆಯ ವಿಷಯ ನನಗೆ ತಿಳಿದಿರಲಿಲ್ಲ ಸರ್. ಇಂದೇ ಮನೆಯಲ್ಲಿ ಎಲ್ಲರಿಗೂ ಹೇಳಿ ಆ ಪದ್ಧತಿಯನ್ನು ನಿಲ್ಲಿಸುತ್ತೇನೆ. ಮಣ್ಣಿನ ತಟ್ಟೆ ತರುತ್ತೇನೆ.

ಭಾಗ್ಯನಗರದ ಅಂಗಳ, ಕೊಪ್ಪಳ (ಇಪ್ಪತ್ತಮೂರು ದಿನಗಳ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಹೇಳಿದಂತೆ ಮಾಡಿದೆ, ಆದದ್ದನ್ನು ಆದಂತೆಯೇ ಬರೆಯುತ್ತೇನೆ.

ಮೊದಲ ಐದು ದಿನ ಕಟ್ಟು ಹೊರಗೇ ಇತ್ತು. ಆರನೆಯ ದಿನ ಒಳಗೆ ಕಟ್ಟಿದೆ. ಗಂಡು ಬಂದು ತೆನೆ ತಿಂದಿತು, ಸೊಪ್ಪನ್ನು ಕೊಕ್ಕಿನಿಂದ ಕಿತ್ತು ಕಿತ್ತು ಕೆಳಗೆಸೆಯಿತು. ಒಂದೂ ಎಲೆ ಹೊಟ್ಟೆಗೆ ಹೋಗಲಿಲ್ಲ. ಹತ್ತು ದಿನ ಹೀಗೆಯೇ ಕಳೆದಾಗ ನಾನು ಸೋತು ಕುಳಿತೆ. ಆಗ ಅತ್ತೆಯವರೇ ಹಿತ್ತಿಲಿನಿಂದ ನುಗ್ಗೆಯ ಒಂದು ಎಳೆಕೊಂಬೆ ಮುರಿದು ತಂದು, ತೊಳೆದು, ಪಂಜರದೊಳಗೆ ಕೋಲಿನಂತೆ ಅಡ್ಡಲಾಗಿ ಸಿಕ್ಕಿಸಿದರು. ತೆನೆಯನ್ನೂ ಕಟ್ಟಲಿಲ್ಲ. ಗಿಡದ ಮೇಲೆ ಕೂರುವ ಹಕ್ಕಿಗೆ ಗಿಡವನ್ನೇ ಕೊಡಬೇಕು ಎಂದರು. ಅರ್ಧ ಗಂಟೆಯಲ್ಲಿ ಹೆಣ್ಣು ಹಕ್ಕಿ ಅದರ ಮೇಲೆ ಕುಳಿತಿತ್ತು. ಮರುದಿನ ನೋಡಿದರೆ ನಾಲ್ಕು ಎಲೆಗಳ ಅಂಚು ಹಲ್ಲುಹಲ್ಲಾಗಿ ಕತ್ತರಿಸಿಹೋಗಿತ್ತು, ಅದರ ಕೊಕ್ಕಿನ ಬದಿಯಲ್ಲಿ ಹಸಿರು ಅಂಟಿತ್ತು. ಅದನ್ನು ಕಂಡು ಗಂಡೂ ತಿನ್ನತೊಡಗಿತು. ತೂಕ ಎರಡರದ್ದೂ ಇಳಿದಿಲ್ಲ. ಗಂಡು 34, ಹೆಣ್ಣು 37 ಗ್ರಾಂನಲ್ಲಿಯೇ ಇವೆ.

ಸ್ನಾನ ಆದದ್ದು ನಿನ್ನೆ. ಕುಂಬಾರರ ತಟ್ಟೆಯಲ್ಲಿ ಕೊತ್ತಂಬರಿ ಹರಡಿ ಇಟ್ಟು ಎರಡು ವಾರವಾಗಿತ್ತು, ಅಂಚಿನವರೆಗೆ ಬಂದು ಹೋಗುವುದು ಬಿಟ್ಟರೆ ಏನೂ ನಡೆದಿರಲಿಲ್ಲ. ನಿನ್ನೆ ಬೆಳಿಗ್ಗೆ ಎಂಟರ ಹೊತ್ತಿಗೆ ನಲ್ಲಿ ಬಂದು ಕೊಡಕ್ಕೆ ನೀರು ಬೀಳುತ್ತಿತ್ತು. ಹೆಣ್ಣು ಹಕ್ಕಿ ಕೆಳಗಿಳಿದು ಸೊಪ್ಪಿನ ಮೇಲೆ ಎರಡೂ ಕಾಲಿಟ್ಟಿತು. ಎದೆಯನ್ನು ಕೆಳಗೊತ್ತಿ, ಬಾಲವನ್ನು ಬೀಸಣಿಗೆಯಂತೆ ಬಿಡಿಸಿ, ಒಮ್ಮೆಗೇ ರೆಕ್ಕೆಗಳನ್ನು ಪಟಪಟನೆ ಬಡಿಯಿತು. ನೆಲದ ಬಂಡೆಯ ಮೇಲೆಲ್ಲ ಹನಿ ಸಿಡಿಯಿತು. ಒಂದು ಎಲೆ ತಲೆಯ ಮೇಲೆ ಅಂಟಿಕೊಂಡಿದ್ದರೂ ಅದಕ್ಕೆ ಪರಿವೆಯಿರಲಿಲ್ಲ. ತಿಳಿನೀಲಿಯ ಮೈ ನೆನೆದು ಕಡುನೀಲಿಯಾಗಿ, ಅರ್ಧದಷ್ಟು ಸಣ್ಣದಾಗಿ ಕಾಣುತ್ತಿತ್ತು. ಅತ್ತೆಯವರು ನನಗಿಂತ ಮೊದಲು ಎದ್ದುಹೋಗಿ ಫ್ಯಾನ್ ಆರಿಸಿ ಬಂದು ಕುಳಿತರು. ಗಂಡು ಇನ್ನೂ ಮೇಲಿನ ಕೋಲಿನಿಂದ ನೋಡುತ್ತಲೇ ಇದೆ.

ಬಳ್ಳಾರಿ ಗುಡ್ಡದ ಹಕ್ಕಿಮನೆ

ತಂಗೀ, ಓದಿ ಬಹಳ ಸಂತೋಷವಾಯಿತು. ನಿಮ್ಮ ಅತ್ತೆಯವರ ಕೊಂಬೆಯ ಉಪಾಯ ನನಗೆ ಹೊಳೆದಿರಲಿಲ್ಲ. ನಾಳೆಯೇ ನಮ್ಮಲ್ಲಿ ಮಾಡುತ್ತೇನೆ, ಅವರಿಗೆ ನನ್ನ ನಮಸ್ಕಾರ ತಿಳಿಸಿ. ಗಂಡನ್ನು ಅವಸರಪಡಿಸಬೇಡಿ. ನನ್ನಲ್ಲಿ ಒಂದು ಹಕ್ಕಿ ಏಳು ತಿಂಗಳು ನೋಡುತ್ತಲೇ ಕುಳಿತು, ಆಮೇಲೆ ಒಂದು ದಿನ ಇಳಿಯಿತು.

ಏಪ್ರಿಲ್ ಬರುತ್ತಿದೆ. ಬಿಸಿಲು ನಲವತ್ತು ಡಿಗ್ರಿ ದಾಟಿದ ದಿನಗಳಲ್ಲಿ ತಟ್ಟೆಯನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಎರಡರ ಸುಮಾರಿಗೆ ಇನ್ನೊಮ್ಮೆ ಇಡಿ. ಒಣಗುವ ಚಿಂತೆ ಆಗ ಇರುವುದಿಲ್ಲ. ಸೊಪ್ಪನ್ನು ಅರ್ಧ ಗಂಟೆಗೆ ತೆಗೆಯಿರಿ, ಕುಡಿಯುವ ನೀರನ್ನು ಮೂರು ಸಲ ಬದಲಿಸಿ. ಪಂಜರವನ್ನು ತಗಡಿನ ಕೆಳಗೆ, ಕಿಟಕಿಯ ನೇರ ಬಿಸಿಲಿಗೆ, ಕೂಲರ್‌ನ ನೇರ ಗಾಳಿಗೆ ಇಡಬೇಡಿ. ಕೊಕ್ಕು ತೆರೆದು ಏದುಸಿರು ಬಿಡುತ್ತ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದರೆ ಅದಕ್ಕೆ ಬಿಸಿಲು ತಾಗಿದೆ ಎಂದರ್ಥ. ತಕ್ಷಣ ಮನೆಯ ಅತ್ಯಂತ ತಂಪಾದ ಕೋಣೆಗೆ ಒಯ್ದು, ಕಾಲುಗಳಿಗೆ ಸಾಧಾರಣ ನೀರನ್ನು ತಾಗಿಸಿ. ಫ್ರಿಜ್ಜಿನ ನೀರು ಬೇಡ.

ಭಾಗ್ಯನಗರದ ಅಂಗಳ, ಕೊಪ್ಪಳ

ಆಗಲಿ ಸರ್, ಎಲ್ಲವನ್ನೂ ಬರೆದು ಪಂಜರದ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಮೆಂತೆಯನ್ನು ಹಳೆಯ ಬುಟ್ಟಿಯಲ್ಲಿ ಬಿತ್ತಿದ್ದು ಮೊಳೆತಿದೆ. ಗಂಡು ಇಳಿದ ದಿನ ಇಲ್ಲಿ ಬಂದು ಬರೆಯುತ್ತೇನೆ.